ಹೇಳಿಕೊಳ್ಳಲಾಗದ ಜಾಗದ ಕಾಯಿಲೆ

ಕಾಯಿಲೆಗಳಲ್ಲೂ ಮೇಲುಕೀಳು ಇದೆ ಅನ್ನುವುದು ನನಗೆ ಐವತ್ಮೂರನೇ ವಯಸ್ಸಿನಲ್ಲಿ ಗೊತ್ತಾಯಿತು. ಬಿಪಿ, ಶುಗರು ಇವೆಲ್ಲ ಮರ್ಯಾದಸ್ಥ ಕಾಯಿಲೆಗಳು. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಪಾಯಸ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಂಗೆ ಶುಗರ್ ಇದೆಯಲ್ಲ" ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಬಹುದು. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ಬಂದವರ ಗತ್ತನ್ನಂತೂ ಕೇಳುವುದೇ ಬೇಡ, ಅವರನ್ನು ನೋಡಲು ಜನ ಹಣ್ಣು ಹಿಡಿದುಕೊಂಡು ಹೋಗುತ್ತಾರೆ. ಮಂಡಿನೋವಿಗೆ ಒಂದು ಸಂಘವೇ ಇದೆ. ಮಾದಾಪುರ ಪೇಟೆಯಲ್ಲಿರುವ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಜನ ಅದರ ಸದಸ್ಯರು, ರವಿಕೆಯ ಅಳತೆ ಕೊಡುವುದು ಐದು ನಿಮಿಷ, ಮಂಡಿಯ ವಿಷಯ ಮುಕ್ಕಾಲು ಗಂಟೆ. ಆದರೆ ದೇವರು ನನಗೆ ಕಾಯಿಲೆ ಕೊಟ್ಟ ಜಾಗ ಎಂಥದು ಅಂದರೆ, ಅದರ ಹೆಸರು ಎತ್ತುವ ಮೊದಲು ಆ ಕಡೆ ಈ ಕಡೆ ನೋಡಬೇಕು. ಅದಕ್ಕೆ ಹಣ್ಣು ತರುವವರಿಲ್ಲ. ಹೇಗಿದ್ದೀಯ ಅಂತ ಕೇಳಿದರೆ ಚೆನ್ನಾಗಿದ್ದೇನೆ ಅನ್ನಬೇಕು, ಅನ್ನುತ್ತಲೇ ಎದ್ದು ಓಡಬೇಕು.

ಶುರುವಾದದ್ದು ಆಟಿ ಹದಿನೆಂಟರ ಮರುದಿನ. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜುಲೈ ನಡುವೆ ಶುರುವಾಗುವ ಆಟಿ ತಿಂಗಳ ಹದಿನೆಂಟನೇ ದಿನ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪು ಅಂತ ಒಂದು ಸೊಪ್ಪು ಕುದಿಸಿ, ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ, ತಿಂದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಅಂತ ನಂಬಿಕೆ. ಪಾಯಸದ ಬಣ್ಣ ನೇರಳೆ. ತಿಂದ ಮರುದಿನ ಒಂದಕ್ಕೆ ಹೋದರೆ ಕೆಂಪಗೆ ಬರುತ್ತದೆ. ಬರಬೇಕು. ಬಂದರೆ ಮದ್ದು ಹಿಡಿಯಿತು ಅಂತ ಲೆಕ್ಕ. ಚಿಕ್ಕಂದಿನಲ್ಲಿ ನಾವು ಅಕ್ಕತಂಗಿಯರು ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಪರೀಕ್ಷೆ ಮಾಡಿ, ನಂದು ಜಾಸ್ತಿ ಕೆಂಪು ನಿಂದು ಜಾಸ್ತಿ ಕೆಂಪು ಅಂತ ಜಗಳ ಆಡಿದ್ದೇವೆ. ಲೋಕದಲ್ಲಿ ಬಚ್ಚಲಲ್ಲಿ ಕೆಂಪು ಕಂಡರೆ ಎದೆ ಒಡೆದುಕೊಳ್ಳದೆ ಖುಷಿಪಡುವ ಜನ ಇದ್ದರೆ ಅದು ನಾವೇ ಇರಬೇಕು.

ಹಾಗಾಗಿ ಆ ಬೆಳಿಗ್ಗೆ ಎರಡಕ್ಕೆ ಹೋದಾಗಲೂ ಕೆಂಪು ಕಂಡಾಗ ನಾನು ಗಾಬರಿಯಾಗಲಿಲ್ಲ. ಈ ವರ್ಷ ಎರಡು ಬಟ್ಟಲು ಹೆಚ್ಚೇ ತಿಂದಿದ್ದೆ, ಮದ್ದು ಆ ದಾರಿಯಲ್ಲೂ ಬಂದಿರಬೇಕು ಅಂದುಕೊಂಡೆ. ಮೂರು ದಿನ ಆಯಿತು. ಒಳ್ಳೇ ಸೊಪ್ಪು ಸಿಕ್ಕಿದೆ ಈ ಸಲ, ಅಂದುಕೊಂಡೆ. ಒಂದು ವಾರ ಆಯಿತು. ಆಟಿ ಕಳೆಯಿತು, ಕೈಲ್‌ಮುಹೂರ್ತದ ಹಬ್ಬ ಬಂತು, ಹಂದಿ ಸಾರು ಉಂಡು ಎರಡು ದಿನ ಇನ್ನೂ ಜೋರಾದಾಗ ಕಾಳುಮೆಣಸಿನ ಮೇಲೆ ತಪ್ಪು ಹೊರಿಸಿದೆ. ಯಾವ ಮದ್ದುಸೊಪ್ಪಿನ ಬಣ್ಣವೂ ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಕೂರುವುದಿಲ್ಲ ಅಂತ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದರಲ್ಲಿ ನಾನು ಮೊದಲಿಂದಲೂ ಗಟ್ಟಿಗಿತ್ತಿ.

ಮನೆಯಲ್ಲಿ ಹೇಗೋ ಮುಚ್ಚಿಟ್ಟೆ. ಪೇಟೆಯಲ್ಲಿ ಮುಚ್ಚಿಡಲಾಗಲಿಲ್ಲ, ಕಾರಣ ನಮ್ಮ ಕಟ್ಟಡದ ಕಕ್ಕಸಿನ ಬೀಗದ ಕೈ. ಆರು ಅಂಗಡಿಗೆ ಹಿಂದುಗಡೆ ಒಂದೇ ಕಕ್ಕಸು. ಅದರ ಕೀ ಇರುವುದು ಮೊದಲನೇ ಅಂಗಡಿಯಲ್ಲಿ, ತರಕಾರಿ ಮಾರುವ ಮೊಯ್ದು ಕಾಕಾನ ಹತ್ತಿರ. ಯಾರೂ ಜೇಬಿಗೆ ಹಾಕಿಕೊಂಡು ಮರೆತು ಹೋಗಬಾರದು ಅಂತ ಕಾಕಾ ಅದಕ್ಕೆ ಒಂದು ಮೊಳ ಉದ್ದದ ಸಿಲ್ವರ್ ಓಕ್ ಹಲಗೆ ಕಟ್ಟಿದ್ದಾರೆ. ನನ್ನದು ಕೊನೇ ಅಂಗಡಿ. ನಾನು ಕೀ ತರಲು ನಾಲ್ಕು ಅಂಗಡಿ ದಾಟಬೇಕು, ಹಲಗೆ ಹಿಡಿದುಕೊಂಡು ಬಸ್ಸು ಕಾಯುವವರ ಮುಂದೆಯೇ ಬಳಸಿ ಹಿಂದಕ್ಕೆ ಹೋಗಬೇಕು, ಮತ್ತೆ ಹಲಗೆ ವಾಪಸು ಕೊಡಬೇಕು. ದಿನಕ್ಕೆ ಒಂದು ಸಲವಾದರೆ ಯಾರೂ ನೋಡುವುದಿಲ್ಲ. ಆರು ಸಲ ಏಳು ಸಲ ಒಂದು ಹೆಂಗಸು ಹಲಗೆ ಹಿಡಿದು ಓಡಾಡಿದರೆ, ಸೋಮವಾರಪೇಟೆ ಬಸ್ಸಿಗೆ ಕಾಯುವವರಿಗೆ ಬೇರೆ ಏನು ಕೆಲಸ? ಒಬ್ಬರಂತೂ, "ಏನಕ್ಕ, ಅಂಗಡಿಗೆ ಶೆಲ್ಫ್ ಹೊಡೆಸ್ತಾ ಇದ್ದೀರಾ?" ಅಂತ ಕೇಳಿದರು. ಹೌದು ಅಂದೆ. ಆ ಮೇಲೆ ಅವರು ಬಂದಾಗಲೆಲ್ಲ ಶೆಲ್ಫ್ ಆಯಿತಾ ಅಂತ ಅಂಗಡಿಯೊಳಗೆ ಇಣುಕಿ ನೋಡುತ್ತಾರೆ.

ಇದರ ಮಧ್ಯೆ ಇನ್ನೊಂದು ಆಯಿತು. ನಾನು ತೆಳ್ಳಗಾಗತೊಡಗಿದೆ. ಬೇರೆಯವರಾದರೆ ಅದು ಗೊತ್ತಾಗಲು ತಿಂಗಳು ಬೇಕು, ನಾನು ಟೈಲರು, ಕೊರಳಲ್ಲೇ ಟೇಪು ನೇತಾಡುತ್ತಿರುತ್ತದೆ. ಮೂವತ್ತೆಂಟಿದ್ದ ಸೊಂಟ ಮೂವತ್ತಾರೂವರೆಗೆ ಬಂದಿತ್ತು. ನನ್ನ ರವಿಕೆಗಳನ್ನೇ ಎರಡು ಸಲ ಹಿಡಿದು ಹೊಲಿದೆ. ಟೇಪು ಹಳೆಯದಾಗಿ ಜಗ್ಗಿದೆ ಅಂತ ಹೊಸ ಟೇಪು ತಂದು ಅಳೆದರೆ ಇನ್ನೂ ಕಾಲಿಂಚು ಕಡಿಮೆ ತೋರಿಸಿತು, ಅದನ್ನು ಮಡಿಸಿ ಒಳಗಿಟ್ಟು ಹಳೆಯದನ್ನೇ ಮತ್ತೆ ಕೊರಳಿಗೆ ಹಾಕಿಕೊಂಡೆ. ಆದರೆ ಪೇಟೆಯಲ್ಲಿ ನನಗೆ ಅಷ್ಟು ಹೊಗಳಿಕೆ ಯಾವತ್ತೂ ಸಿಕ್ಕಿರಲಿಲ್ಲ. ನನ್ನ ಖಾಯಂ ಗಿರಾಕಿ ಪಾರ್ವತಕ್ಕ, ಹಾಲಿನ ಡೈರಿಯ ಪಕ್ಕದ ಮನೆಯವರು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಲೀಲಾ, ಮದುಮಗಳ ಹಾಗೆ ಆಗಿದ್ದೀಯಲ್ಲೇ! ರಾತ್ರಿ ಅನ್ನ ಬಿಟ್ಯಾ? ಚಪಾತಿನಾ? ನಂಗೂ ಹೇಳೇ" ಅಂತ ಗಂಟುಬಿದ್ದರು. ಗುಟ್ಟು ಮಾಡಬೇಡ, ನಾನು ಯಾರಿಗೂ ಹೇಳಲ್ಲ ಅಂತ ಬೇರೆ. ನಾನು ನಕ್ಕೆ. ಅವರು ಹೋದ ಮೇಲೆ ಮೆಷಿನ್ನಿನ ಮುಂದೆ ಕೂತು ಸ್ವಲ್ಪ ಹೊತ್ತು ಕಾಲಾಡಿಸಲಿಲ್ಲ.

ಒಂದು ಮಧ್ಯಾಹ್ನ ನಾಲ್ಕನೇ ಸಲ ಕೀ ಕೇಳಲು ಹೋದಾಗ ಮೊಯ್ದು ಕಾಕಾ ಹಲಗೆ ಕೊಡಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಹೊಸದೊಂದು ಕೀ ತೆಗೆದು ನನ್ನ ಕೈಗೆ ಹಾಕಿದರು. "ಸೋಮವಾರಪೇಟೆಯಲ್ಲಿ ಡೂಪ್ಲಿಕೇಟ್ ಮಾಡ್ಸಿದೆ. ನಿನ್ನತ್ರ ಇರ್ಲಿ ಮೋಳೇ," ಅಂದರು. ಮಲಯಾಳದಲ್ಲಿ ಮಗಳೇ ಅಂದ ಹಾಗೆ. ಕಾಕಾ ಎಲ್ಲ ಹೆಂಗಸರಿಗೂ ಹಾಗೇ ಅನ್ನುವುದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಟ್ಟೆ ಸ್ವಲ್ಪ ಸರಿ ಇಲ್ಲ ಕಾಕಾ, ಮಳೆಗಾಲ ನೋಡಿ, ಅಂತ ಏನೋ ಬಡಬಡಿಸಿದೆ. ಅವರು ಟೊಮೆಟೊ ಆರಿಸುತ್ತಲೇ ಹೇಳಿದರು: "ನಮ್ಮವಳೂ ಹೀಗೇ ಓಡಾಡ್ತಾ ಇದ್ಳು. ಹೊಟ್ಟೆ ಸರಿ ಇಲ್ಲ ಅಂದ್ಳು. ಒಂದು ವರ್ಷ ಅಂದ್ಳು. ಆಸ್ಪತ್ರೆಗೆ ಹೋದಾಗ ಡಾಕ್ಟ್ರು ನಂಗೆ ಬೈದ್ರು, ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ." ಕಾಕಾನ ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತಿತ್ತು, ಯಾವುದರಿಂದ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಿರಲು ಕಾರಣವೂ ಇದೇ, ಹೆಸರು ಹೇಳಲಾಗದ ಜಾಗ. ಕೀ ಹಿಡಿದುಕೊಂಡು ಹಿಂದಕ್ಕೆ ಹೋದೆ, ಆದರೆ ಬಂದ ಕೆಲಸವೇ ಮರೆತು ಬಾಗಿಲ ಹತ್ತಿರ ನಿಂತುಬಿಟ್ಟೆ.

ಮರುದಿನ ಅಂಗಡಿಗೆ ಬೀಗ ಹಾಕಿ ಸೋಮವಾರಪೇಟೆಯಲ್ಲಿ ಡಾಕ್ಟರ ಹತ್ತಿರ ಹೋದೆ. ದಾವಣಗೆರೆ ಕಡೆಯ ಹುಡುಗ, ಊರಿಗೆ ಹೊಸಬ. ರಕ್ತ ಯಾವಾಗಿನಿಂದ ಹೋಗುತ್ತಿದೆ ಅಂತ ಕೇಳಿದ. "ಆಟಿ ಹದಿನೆಂಟರಿಂದ, ಡಾಕ್ಟ್ರೇ" ಅಂದೆ. "ಅದೇನ್ರಿ, ಗುಳಿಗೀನಾ?" ಅಂದ. ನಾನು ಮದ್ದುಸೊಪ್ಪಿನ ಕತೆಯನ್ನೆಲ್ಲ ಹೇಳಿದೆ. ಅವನು ಪೆನ್ನು ಕೆಳಗಿಟ್ಟ. "ಅಂದ್ರ ಕೆಂಪಗ ಆಗ್ಲಿ ಅಂತ ತಿಂತೀರಿ?" "ಆಗಲಿ ಅಂತ ಅಲ್ಲ ಡಾಕ್ಟ್ರೇ. ಆಗದಿದ್ರೆ ಬೇಜಾರು, ಅಷ್ಟೆ." ಬಾಗಿಲ ಹತ್ತಿರ ನಿಂತಿದ್ದ ನಮ್ಮೂರ ಕಡೆಯ ನರ್ಸು ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ನಗಲಿಲ್ಲ. ತೂಕ ಇಳಿದಿದೆಯಾ ಅಂತ ಕೇಳಿದ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂತ ಕೇಳಿದ. ಆ ಮೇಲೆ, "ಮೂಲವ್ಯಾಧಿ ಇರಬಹುದು. ಇಲ್ಲದೇನೂ ಇರಬಹುದು. ಒಳಗ ಕ್ಯಾಮೆರಾ ಬಿಟ್ಟು ನೋಡದ ಏನೂ ಹೇಳಾಕಾಗಂಗಿಲ್ಲ" ಅಂತ ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟ. ಫೋನು ಮಾಡಿದರೆ ಅಲ್ಲಿ ಸಿಕ್ಕಿದ ದಿನ ಹದಿನೇಳು ದಿನ ಬಿಟ್ಟು.

ಸಂಜೆ ಮನೆಯವರು ಕೇಳಿದಾಗ "ಮೂಲವ್ಯಾಧಿ ಅಂತೆ" ಅಂದೆ. ಡಾಕ್ಟರು ಹೇಳಿದ್ದರಲ್ಲಿ ಮೊದಲನೇ ತುಂಡು ಇಟ್ಟುಕೊಂಡು ಮಿಕ್ಕದ್ದನ್ನು ಕತ್ತರಿಸಿ ಹಾಕಿದೆ, ಕೈಗೆ ರೂಢಿಯಾದ ಕೆಲಸ. ಮೈಸೂರಿನ ಪರೀಕ್ಷೆ ಸುಮ್ಮನೆ ಒಂದು ಸಲ ನೋಡಿಬಿಡಲು, ಅಂದೆ. ಸುಳ್ಯಕ್ಕೆ ಕೊಟ್ಟಿರುವ ಮಗಳಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ನನ್ನ ಗಂಡ ಕರೆಂಟಿನ ಲೈನ್‌ಮ್ಯಾನು, ಕಂಬದ ಮೇಲೆ ಹತ್ತಿ ಕೂತರೆ ಮಾತು, ಕೆಳಗೆ ಇಳಿದರೆ ಮೌನ. ಚೀಟಿಯನ್ನು ತೆಗೆದುಕೊಂಡು ನೋಡಿದರು, ಮಡಿಸಿ ಫ್ರಿಜ್ಜಿನ ಮೇಲಿಟ್ಟರು. "ಮೂಲವ್ಯಾಧಿಗೆ ಹಂದಿ ಮಾಂಸ ಒಳ್ಳೇದು," ಅಂದರು. ಆ ಭಾನುವಾರ ಎರಡು ಕಿಲೋ ತಂದರು. ಮುಂದಿನ ಭಾನುವಾರವೂ ತಂದರು. ನಾನು ಎರಡು ತುಂಡು ತಿಂದೆ, ಮಿಕ್ಕ ಚಿಕಿತ್ಸೆಯನ್ನೆಲ್ಲ ಅವರೇ ಮಾಡಿಕೊಂಡರು.

ಸಾಲದ್ದಕ್ಕೆ ಅವರು ಎಲ್ಲೋ ಬಾಯಿಬಿಟ್ಟು, ಸುದ್ದಿ ಪೇಟೆಗೆ ಬಂತು. ಅಲ್ಲಿಗೆ ನನಗೆ ಒಂದು ಉಪಕಾರವಾಯಿತು ನೋಡಿ: ಮೂಲವ್ಯಾಧಿ ಅನ್ನುವ ಹೆಸರು ಸಿಕ್ಕಿದ ಕೂಡಲೇ ಜನರಿಗೆ ಧೈರ್ಯ ಬಂತು. ಇಡೀ ಮಾದಾಪುರಕ್ಕೆ ಮೂಲವ್ಯಾಧಿ ಇದೆ ಅಂತ ನನಗೆ ಆವಾಗ ಗೊತ್ತಾದದ್ದು. ಒಬ್ಬರು ಸುವರ್ಣಗಡ್ಡೆ ತಂದುಕೊಟ್ಟರು. ಒಬ್ಬರು ಮೂಲಂಗಿ ರಸ ಅಂದರು. ಕುಶನ್ ಕೊಟ್ಟವರೂ ಇದ್ದಾರೆ. ಪಾರ್ವತಕ್ಕ ರಸ್ತೆ ಬದಿಯ ಮುಟ್ಟಿದರೆ ಮುನಿ ಗಿಡವನ್ನು ಬೇರು ಸಮೇತ ಕಿತ್ತು, ಮಣ್ಣು ತೊಳೆಯದೆ, ಕತ್ತರಿಸಿಟ್ಟಿದ್ದ ರೇಷ್ಮೆ ಬಟ್ಟೆಯ ಮೇಲೆ ಇಟ್ಟರು. "ಅರೆದು ಮಜ್ಜಿಗೇಲಿ ಕುಡಿ. ಮೂರೇ ದಿನ. ನಮ್ಮತ್ತೆ ಕುಡಿದು ಎದ್ದು ಕೂತ್ರು." ನಾನು ಎಲ್ಲದಕ್ಕೂ ಹ್ಞೂಂ ಅಂದೆ. ಮಜ್ಜಿಗೆಯಲ್ಲಿ ಕುಡಿದೆ ಕೂಡ. ನಂಬಿಕೆಯಿಂದಲ್ಲ. ಮೂಲವ್ಯಾಧಿಯ ಮದ್ದು ಕುಡಿದರೆ ಕಾಯಿಲೆ ತಾನು ಮೂಲವ್ಯಾಧಿಯೇ ಇರಬೇಕು ಅಂತ ತಿಳಿದುಕೊಂಡೀತು ಅಂತ ಒಂದು ಆಸೆ.

ಕಾಯುವುದು ಎಂಥ ಸುಸ್ತಿನ ಕೆಲಸ ಅಂತ ಕಾದವರಿಗೆ ಮಾತ್ರ ಗೊತ್ತು. ಏನೂ ಮಾಡದೆ ಮೈಯೆಲ್ಲ ಜಜ್ಜಿದ ಹಾಗಾಗುತ್ತದೆ. ಮದುವೆ ರವಿಕೆಗೆ ಅಳತೆ ತೆಗೆದುಕೊಳ್ಳುವಾಗ, "ಡಿಸೆಂಬರಿಗೆ ಸಾಕು ಅಕ್ಕ" ಅಂತ ಹುಡುಗಿ ಹೇಳಿದರೆ, ಡಿಸೆಂಬರಿಗೆ ನಾನು ಹೇಗಿರುತ್ತೇನೋ ಅಂತ ಯೋಚನೆ ಬಂದು ಅಳತೆ ತಪ್ಪುತ್ತಿತ್ತು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲದೆ ಮೆಷಿನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಬಚ್ಚಲಿಗೆ ಹೋದಾಗ ಕಣ್ಣು ಮುಚ್ಚಿಕೊಂಡು ನೀರು ಹೊಯ್ದುಬಿಡೋಣ ಅಂದುಕೊಳ್ಳುತ್ತಿದ್ದೆ, ಆದರೆ ಒಂದು ದಿನವೂ ನೋಡದೆ ಬಂದವಳಲ್ಲ. ನನಗೆ ಹೆದರಿಕೆಯಾಗಿತ್ತು. ತುಂಬಾ ಹೆದರಿಕೆಯಾಗಿತ್ತು. ಸಾಯುವುದಕ್ಕಿಂತ ಹೆಚ್ಚಾಗಿ, ಡಾಕ್ಟರು ಮನೆಯವರನ್ನು ಎದುರಿಗೆ ನಿಲ್ಲಿಸಿ ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಬೈದರೆ, ಮಾತೇ ಬಾರದ ಆ ಮನುಷ್ಯ ಏನು ಉತ್ತರ ಕೊಟ್ಟಾರು ಅಂತ ಹೆದರಿಕೆ.

ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ಪೂರ್ತಿ ಖಾಲಿ ಮಾಡಬೇಕು. ಬೆಳಿಗ್ಗೆಯಿಂದ ಗಂಜಿ ತಿಳಿ, ಎಳನೀರು. ಮಧ್ಯಾಹ್ನದಿಂದ ಒಂದು ಪುಡಿಯನ್ನು ಎರಡು ಲೀಟರು ನೀರಿಗೆ ಕಲಸಿ ಕುಡಿಯಬೇಕು. ರುಚಿ ಹೇಗಿತ್ತು ಅಂದರೆ, ಸಮುದ್ರದ ನೀರಿಗೆ ಯಾರೋ ನಿಂಬೆಹಣ್ಣು ತೋರಿಸಿ ವಾಪಸು ತೆಗೆದುಕೊಂಡು ಹೋದ ಹಾಗೆ. ಮೂರನೇ ಲೋಟಕ್ಕೆ ಶುರುವಾಯಿತು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಎಲ್ಲೋ ಮರದ ಕೊಂಬೆ ಲೈನಿನ ಮೇಲೆ ಬಿದ್ದಿತ್ತು. ಕರೆಂಟಿಲ್ಲದೆ ಮೋಟರಿಲ್ಲ, ಮೋಟರಿಲ್ಲದೆ ಟ್ಯಾಂಕಿಗೆ ನೀರಿಲ್ಲ. ಮನೆಯವರು ನನಗಾಗಿ ರಜೆ ಹಾಕಿ ಮನೆಯಲ್ಲಿದ್ದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಹೀಗೆ ರಜೆ ಹಾಕಿದ್ದು ಅದೇ ಮೊದಲು. ಅವರ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು, ಕರೆಂಟು ಯಾವಾಗ ಬರುತ್ತದೆ ಅಂತ ಊರೆಲ್ಲ ಕೇಳುವವರೇ. ನಾನೂ ಬಚ್ಚಲ ಒಳಗಿಂದ ಅದನ್ನೇ ಕೇಳಿದೆ.

ಅವರು ಫೋನು ಆಫ್ ಮಾಡಿ ಬಾವಿಗೆ ಇಳಿಬಿಟ್ಟ ಹಗ್ಗ ಹಿಡಿದರು. ಬಕೆಟ್ಟು ತಂದು ಬಾಗಿಲ ಹತ್ತಿರ ಇಡುವುದು, ಎರಡು ಸಲ ತಟ್ಟುವುದು, ದೂರ ಹೋಗಿ ನಿಲ್ಲುವುದು. ನಾನು ಕೈ ಮಾತ್ರ ಹೊರಗೆ ಹಾಕಿ ಬಕೆಟ್ಟು ಎಳೆದುಕೊಳ್ಳುವುದು. ಹೀಗೆ ಹನ್ನೆರಡು ಬಕೆಟ್ಟು ಆಯಿತು. ನಡುವೆ ಒಂದು ಸಲ, "ಲೀಲಾ, ನೀರಿನ ಹಾಗೆ ಆಯ್ತಾ?" ಅಂತ ಕೇಳಿದರು, ಕೊನೆಗೆ ತಿಳಿನೀರಿನ ಹಾಗೆ ಆಗಬೇಕು ಅಂತ ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿತ್ತು. ಅದನ್ನು ಅವರು ಓದಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. "ಇನ್ನೂ ಇಲ್ಲ" ಅಂದೆ. "ಆಗ್ತದೆ, ಆಗ್ತದೆ" ಅಂದರು. ಮದುವೆಯಾದ ಹೊಸತರಲ್ಲೂ ಈ ಮನುಷ್ಯ ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕಾಣೆ. ನನಗೆ ಅಳು ಬಂತು. ಅತ್ತರೆ ಅವರಿಗೆ ಕೇಳಿಸುತ್ತದೆ ಅಂತ ನೀರು ಜೋರಾಗಿ ಹೊಯ್ದೆ, ಅವರು ಪಾಪ, ಖಾಲಿಯಾಯಿತು ಅಂದುಕೊಂಡು ಇನ್ನೊಂದು ಬಕೆಟ್ಟು ತರಲು ಓಡಿದರು.

ಮೈಸೂರಿನಲ್ಲಿ ನಡೆದದ್ದು ನನಗೆ ಹೆಚ್ಚು ಗೊತ್ತಿಲ್ಲ. ಹಿಂದೆ ತೆರೆದಿರುವ ಒಂದು ಅಂಗಿ ಕೊಟ್ಟರು. ಹೊಲಿಗೆ ನೋಡಿದರೆ ಯಾರೋ ಜಗಳ ಆಡಿಕೊಂಡು ಹೊಲಿದ ಹಾಗಿತ್ತು. ಕೈಗೆ ಸೂಜಿ ಚುಚ್ಚಿ, ನಿಮ್ಮ ಹೆಸರೇನಮ್ಮ ಅಂತ ಕೇಳಿದರು, ಲೀಲಾವತಿ ಅಂತ ಪೂರ್ತಿ ಹೇಳುವುದರೊಳಗೆ ಎಲ್ಲ ಮುಗಿದು ಬೇರೆ ಮಂಚದ ಮೇಲಿದ್ದೆ. ಡಾಕ್ಟರಮ್ಮ ಬಂದರು. ಕರುಳಿನೊಳಗೆ ಗೋಡಂಬಿಯಷ್ಟು ದೊಡ್ಡ ಒಂದು ಗಂಟಿತ್ತಂತೆ, ರಕ್ತ ಬರುತ್ತಿದ್ದದ್ದು ಅದರಿಂದಲೇ, ಅಲ್ಲೇ ಕತ್ತರಿಸಿ ತೆಗೆದರಂತೆ. "ನೋಡೋದಕ್ಕೆ ಕೆಟ್ಟದಾಗಿಲ್ಲ. ಆದ್ರೂ ಲ್ಯಾಬಿಗೆ ಕಳಿಸಿದ್ದೀವಿ, ಹತ್ತು ದಿನದಲ್ಲಿ ರಿಪೋರ್ಟ್ ಬರುತ್ತೆ. ತೂಕ ಇಳಿದಿರೋದನ್ನೂ ಆಮೇಲೆ ನೋಡೋಣ. ಬಂದದ್ದು ಒಳ್ಳೇದಾಯ್ತು, ಇನ್ನೂ ಸ್ವಲ್ಪ ಬೇಗ ಬರಬೇಕಿತ್ತು," ಅಂದರು. ಮನೆಯವರ ಕಡೆ ನೋಡಿ ಏನೂ ಬೈಯಲಿಲ್ಲ. ಕಾದು ಕಾದು ಬಂದರೆ ಇನ್ನೂ ಹತ್ತು ದಿನ ಕಾಯಿರಿ ಅಂತಾರಲ್ಲ ಅಂತ ನನಗೆ ರೇಗಿತು, ಆದರೂ ಎದೆಯ ಮೇಲಿನ ಕಲ್ಲು ಅರ್ಧ ಇಳಿದ ಹಾಗಾಗಿ, ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿಂದೆ. ಆ ಇಡ್ಲಿಯ ರುಚಿ ನಾನು ಎಲ್ಲೂ ಕಂಡಿಲ್ಲ.

ಬಸ್ಸು ಪಿರಿಯಾಪಟ್ಟಣ ದಾಟಿತು. ಮನೆಯವರು ಮುಂದಿನ ಸೀಟಿನ ಕಂಬಿ ನೋಡುತ್ತಾ, "ನಂಗೂ ಹೋಗ್ತಾ ಉಂಟು," ಅಂದರು.

"ಎಂಥದು?"

"ರಕ್ತ."

"ಯಾವಾಗಿಂದ?"

"ಹೋದ ಮಳೆಗಾಲದಿಂದ. ಅಲ್ಲ, ಅದರ ಹಿಂದಿನದು. ಹೇಳೋಣ ಅಂತ ಇದ್ದೆ, ನಿನ್ನದು ಶುರುವಾಯ್ತು. ಚೀಟಿಯಲ್ಲಿ ಬರೆದದ್ದು ಓದಿದೆ. ಮನೇಲಿ ಒಬ್ಬರ ಹೆದರಿಕೆ ಸಾಕು, ನಿನ್ನದು ಒಂದು ಮುಗೀಲಿ ಅಂತ ಸುಮ್ಮನಾದೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಾಚಿಕೆ."

ನನ್ನ ಬಾಯಿಗೆ ಹೇಗೆ ಬಂತೋ ಹಾಗೆ ಬೈದೆ. ನಿಮಗೆ ಬುದ್ಧಿ ಇದೆಯಾ, ಇದೇನು ಮುಚ್ಚಿಟ್ಟುಕೊಳ್ಳುವ ವಿಷಯವಾ, ಮನೆಯಲ್ಲಿ ಕಟ್ಟಿಕೊಂಡ ಹೆಂಡತಿಗೆ ಹೇಳಲು ಎಂಥ ನಾಚಿಕೆ, ನಾನೇನು ನೆರೆಮನೆಯವಳಾ ಅಂತ. ಮುಂದಿನ ಎರಡು ಸೀಟಿನವರು ತಿರುಗಿ ನೋಡಿದರು. ಬೈಯುತ್ತಲೇ ಅವರ ಕೈ ಹಿಡಿದುಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಫೋನು ತೆಗೆದು ಅದೇ ಆಸ್ಪತ್ರೆಗೆ ಕರೆ ಮಾಡಿದೆ. ಅಲ್ಲಿಯ ಹುಡುಗಿ ಹೆಸರು, ವಯಸ್ಸು, ತೊಂದರೆ ಎಲ್ಲ ಕೇಳಿ ಬರೆದುಕೊಂಡು, ಇಪ್ಪತ್ತು ದಿನ ಬಿಟ್ಟು ಒಂದು ದಿನ ಖಾಲಿ ಇದೆ ಮೇಡಂ ಅಂದಳು.

"ಇಪ್ಪತ್ತು ದಿನವಾ!" ಅಂತ ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಕೂಗಿದೆ. "ರಕ್ತ ಹೋಗ್ತಾ ಇದೆ ಅಂತ ಗೊತ್ತಿದ್ದೂ ಯಾರಾದ್ರೂ ಅಷ್ಟು ದಿನ ಸುಮ್ಮನೆ ಕೂತಿರ್ತಾರೇನಮ್ಮಾ?"

ಮನೆಯವರು ಮೆಲ್ಲಗೆ ತಿರುಗಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿ ಹೊರಗೆ ನೋಡತೊಡಗಿದೆ.